ಕದ್ದು ತಿಂದ ಅಡಿಕೆ

"ಅಡಿಕೆ ಅಗೀತಾರೆ ಡಾಕ್ಟ್ರೇ. ಎಷ್ಟು ಹೇಳಿದ್ರೂ ಬಿಡಲ್ಲ," ಎಂದು ಸೊಸೆ ದೂರಿದಳು.

ದಂತವೈದ್ಯೆ ಅತ್ತೆಯ ಕಿವಿಯ ಮುಂದೆ, ದವಡೆಯ ಕೀಲಿನ ಮೇಲೆ ಬೆರಳಿಟ್ಟು ಒತ್ತಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು.

"ಖರೇನ ಏನ್ರಿ ಯಮ್ಮಾ? ಹಲ್ಲಿನ್ಯಾಗ ಕಲೆನ ಇಲ್ಲಲ್ರೀ."

ಅತ್ತೆ ಸೊಸೆಯ ಮುಖ ನೋಡಿ ತಲೆ ತಗ್ಗಿಸಿದರು. "ಹೌದ್ರಿ. ಕದ್ದು ತಿಂತೀನಿ."

"ಅಗಿಯೋ ಸ್ನಾಯು ಭಾಳ ದಣದಾವ. ಬಿಸಿ ಬಟ್ಟಿಲೆ ಶಾಖ ಕೊಡ್ರಿ. ಒಂದು ತಿಂಗಳು ಮೆತ್ತಗಿಂದ ಅಷ್ಟ ಉಣ್ರಿ."

ದಾರಿಯುದ್ದಕ್ಕೂ ಸೊಸೆ ಗೊಣಗಿದಳು. ರಾಗಿ ಮುದ್ದೆಯ ಸೀಮೆಯಿಂದ ಬಂದು, ಈ ಮನೆಗಾಗಿ ಜೋಳದ ರೊಟ್ಟಿ ಬಡಿಯಲು ಕಲಿತವಳು ಅವಳು. ತನಗೆ ಮಾತ್ರ ಅನ್ನವೇ ಆಗಬೇಕು. ಅತ್ತೆ ದಿನವೂ "ಚೊಲೋ ಆಗೇತವ್ವ" ಎನ್ನುತ್ತ ಎರಡು ರೊಟ್ಟಿ ತಿನ್ನುತ್ತಿದ್ದರು. ಗಂಡ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದ. ಅದು ಅವನ ಚಿಕ್ಕಂದಿನ ರೂಢಿ ಎಂದುಕೊಂಡಿದ್ದಳು.

ಮಧ್ಯಾಹ್ನ ಇದ್ದ ಅನ್ನವನ್ನೆಲ್ಲ ಮೆತ್ತಗೆ ಕಲಸಿ ಅತ್ತೆಗೆ ಬಡಿಸಿದಳು. ಬುಟ್ಟಿಯಲ್ಲಿ ಬೆಳಗಿನ ರೊಟ್ಟಿ ಹಾಗೆಯೇ ಉಳಿದಿತ್ತು. ಅವಳು ಅದಕ್ಕೆ ಕೈ ಹಾಕಿದಾಗ, ಉಂಡು ದವಡೆಗೆ ಬಿಸಿ ಬಟ್ಟೆ ಹಿಡಿದು ಕೂತಿದ್ದ ಅತ್ತೆ ಗಾಬರಿಯಾದರು.

"ಅದು ಬ್ಯಾಡವ್ವ. ನಿನಗ ಬ್ಯಾರೆ ಅನ್ನ ಮಾಡ್ಕೋ."

"ಯಾಕೆ ವೇಸ್ಟ್ ಮಾಡೋದು ಅತ್ತೆ?" ಎಂದು ಅವಳು ಒಂದು ಚೂರು ಹರಿದು ಬಾಯಿಗೆ ಹಾಕಿಕೊಂಡಳು.

ಅಗಿದಳು. ಮತ್ತೆ ಅಗಿದಳು. ಕಿವಿಯ ಮುಂದೆ ಏನೋ ಚಳಕ್ಕೆಂದಿತು. ತುತ್ತು ಮಾತ್ರ ಹಾಗೆಯೇ ಇತ್ತು. ಉಗುಳುವ ಹಾಗಿಲ್ಲ, ತಲೆ ಎತ್ತುವ ಹಾಗೂ ಇಲ್ಲ.

ಅತ್ತೆ ತಮ್ಮ ದವಡೆಯ ಬಿಸಿ ಬಟ್ಟೆಯನ್ನು ತೆಗೆದು, ಅವಳತ್ತ ಚಾಚಿದರು.