ಬಿತ್ತನೆ ಶೇಂಗಾ

ಶೇಂಗಾ ಸಿಪ್ಪೆಯ ಧೂಳು ಮೂಗಿಗೆ ತಾಗಿದರೆ ಈಗಲೂ ನನ್ನ ಹೆಬ್ಬೆರಳು ಚುರ್ರೆನ್ನುತ್ತದೆ.

ಬೇಸಿಗೆ ರಜೆ ಮುಗಿಯುತ್ತಿತ್ತು. ನಾನೂ ಅವ್ವನೂ ಪಡಸಾಲೆಯಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದೆವು. ಅಣ್ಣಂದಿರು ಅಪ್ಪನ ಜೊತೆ ಟ್ರ್ಯಾಕ್ಟರ್ ಹತ್ತಿ ಪರಶುರಾಂಪುರದ ಸಂತೆಗೆ ಹೊರಟರು. ನಾನೂ ಎದ್ದೆ.

“ಕೂತ್ಕೊಳ್ಳೇ. ಹೆಣ್ಮಕ್ಳಿಗೆ ಯಾತರ ಸಂತೆ?” ಅಂದಳು ಅಜ್ಜಿ.

ಕೂತೆ. ಕೂತು, ಸುಲಿದ ಒಂದೊಂದು ಬೀಜವನ್ನೂ ಎರಡು ಹೋಳು ಮಾಡಿ ಮೊರಕ್ಕೆ ಹಾಕತೊಡಗಿದೆ.

ಅಜ್ಜಿ ಕಂಡು ಹೌಹಾರಿದಳು. “ಹೋಳು ಮಾಡಿದ್ರೆ ಬೀಜ ಮೊಳಿತೈತೇನೇ?”

“ಸಂತೆಗೆ ಕಳ್ಸು, ಇಡಿಯಾಗೇ ಸುಲಿತೀನಿ.”

“ನೋಡೇ ನಿನ್ನ ಮಗಳ್ನ!” ಎಂದು ಅಜ್ಜಿ ಅವ್ವನ ಕಡೆ ತಿರುಗಿದಳು.

ಮದುವೆಯಾಗಿ ಬಂದಮೇಲೆ ಒಮ್ಮೆಯೂ ಸಂತೆ ಕಾಣದ ಅವ್ವ, ತನ್ನ ಮೊರದಿಂದ ಗಟ್ಟಿ ಬೀಜವೊಂದನ್ನು ಎತ್ತಿಕೊಂಡು, ಅಜ್ಜಿಯ ಮುಖ ನೋಡುತ್ತಲೇ ಎರಡು ಹೋಳು ಮಾಡಿದಳು.