ಹೂಲಿಹಾನ್ ಬೆಡಗು

ಬಾಳೆಗೊನೆ ಹೊತ್ತ ಬಿಳಿ ದೊರೆಯೊಬ್ಬ ಜಗಲಿ ಹತ್ತಿದ್ದನ್ನು ಕಂಡದ್ದೇ ತಡ, ಗುರುಮಲ್ಲಪ್ಪ ವೀಳ್ಯದ ತಟ್ಟೆಯನ್ನು ಎದೆಗವಚಿಕೊಂಡ. ಬಂದೇಬಿಟ್ಟಿತಲ್ಲ ಪೀಡೆ! ಅದೂ ಇವತ್ತೇ ಬರಬೇಕೇ?

ವಾರದಿಂದ ಶಿಕಾರಿಪುರದ ಸಂತೆಯಲ್ಲಿ ಇವನದೇ ಸುದ್ದಿ. ಚಂದ್ರಗುತ್ತಿಯಲ್ಲಿ ಕಂಡನಂತೆ, ಉಡುತಡಿಯಲ್ಲಿ ಕಂಡನಂತೆ. ಇಂಗ್ಲಿಷರು ದೇಶ ಬಿಟ್ಟು ಹತ್ತು ವರ್ಷ ಕಳೆದ ಮೇಲೆ ಎಲ್ಲಿಂದಲೋ ಉದುರಿದ ಈ ಕೆಂಪು ಮೂತಿಯವನು ಮನೆಮನೆ ಹೊಕ್ಕು, ನಿಮ್ಮ ಮನೆತನ ಯಾವುದು, ಮೂಲ ಎಲ್ಲಿ, ಎಲ್ಲೆಲ್ಲಿಗೆ ಹರಡಿದೆ ಎಂದು ಕೇಳುತ್ತಾನಂತೆ. ಹಣ್ಣು ಹಿಡಿದು ಬಂದು ಮನೆತನ ವಿಚಾರಿಸುವವನು ಇನ್ಯಾಕೆ ಬರುತ್ತಾನೆ? ಹೆಣ್ಣು ಕೇಳಲಿಕ್ಕೆ! ಇಷ್ಟು ತಿಳಿಯದಷ್ಟು ದಡ್ಡನಾಗಿರಲಿಲ್ಲ ಗುರುಮಲ್ಲಪ್ಪ.

ಒಳಗೆ ಮಗಳು ನಿರ್ಮಲಾ ಹೊಸ ಸೀರೆಯುಟ್ಟು ಕಾಯುತ್ತಿದ್ದಳು. ನಡುಮನೆಯ ಜಮಖಾನದ ಮೇಲೆ ಹುಡುಗನ ಅಪ್ಪ, ಸೊರಬದ ಗಂಗಾಧರಪ್ಪ ಕೂತಿದ್ದ. ವೀಳ್ಯ ಬದಲಾಯಿಸಿಕೊಂಡರೆ ಸಂಬಂಧ ಗಟ್ಟಿ. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಎರಡನ್ನೂ ಮುರಿದವನು ಹೆಂಡತಿಯ ತಮ್ಮ ಉಜ್ಜಪ್ಪ. ಗಂಡು ಹೆಣ್ಣು ಎರಡೂ ಕಡೆ ಒಂದೇ ಬೆಡಗು ಎಂದು ಎಲ್ಲಿಂದಲೋ ಹೆಕ್ಕಿ ತೆಗೆದಿದ್ದ. ಒಂದೇ ಬೆಡಗು ಎಂದರೆ ಒಂದೇ ಮೂಲ. ಹುಡುಗ ಹುಡುಗಿ ಅಣ್ಣತಂಗಿ. ಮದುವೆಯ ಮಾತೇ ಇಲ್ಲ. ಈ ಸಲ ಆ ಪುಣ್ಯಾತ್ಮನೂ ಒಪ್ಪಿ, ಅದೇ ಜಮಖಾನದ ತುದಿಯಲ್ಲಿ ಕೂತಿದ್ದ. ಇದೂ ಹೋದರೆ ಗುರುಮಲ್ಲಪ್ಪ ಊರಲ್ಲಿ ತಲೆಯೆತ್ತುವಂತಿರಲಿಲ್ಲ. ಮಗಳ ಮುಖ ನೋಡುವುದಂತೂ ಅವನಿಂದ ಆಗದ ಮಾತು.

ಹೊರಗೆ ಇಣುಕಿದ ಗಂಗಾಧರಪ್ಪನ ಮುಖ ಸುಣ್ಣವಾಯಿತು. ಹೆಗಲ ವಲ್ಲಿಯನ್ನು ತಲೆತುಂಬ ಹೊದ್ದು ಗೋಡೆಯತ್ತ ತಿರುಗಿ ಕೂತ.

"ಬೀಗರೇ, ಹಿತ್ತಲ ಬಾಗಿಲು ಎಲ್ಲಿದೆ ಮಾರಾಯ್ರೆ?"

"ಯಾಕ್ರೀ? ಹುಷಾರಿಲ್ಲೇನು?"

"ಆ ಮನುಷ್ಯನ್ನ ಮಾತಾಡಿಸ್ಬೇಡಿ. ಏನು ಕೇಳಿದ್ರೂ ಇಲ್ಲ ಅಂತ ಕಳಿಸ್ಬಿಡಿ."

ಬೀಗರಿಗೆ ಸಿಟ್ಟು ಬಂದಿದೆ ಎಂದುಕೊಂಡ ಗುರುಮಲ್ಲಪ್ಪ. ಬರದೆ ಏನು? ವೀಳ್ಯದ ಹೊತ್ತಿಗೆ ಇನ್ನೊಬ್ಬ ಹೆಣ್ಣು ಕೇಳಲು ಬಂದರೆ ಯಾರಿಗಾದರೂ ಮೈ ಉರಿಯುತ್ತದೆ. ಆದರೆ ಬರೀ ಇಲ್ಲ ಅಂದರೆ ಹೋಗುವ ಆಸಾಮಿಯೇ ಇದು? ನಾಳೆ ಇನ್ನೊಂದು ಗೊನೆ ಹೊತ್ತು ಬರುತ್ತಾನೆ. ಮತ್ತೆ ಈ ಕಡೆ ತಲೆ ಹಾಕದ ಹಾಗೆ ಮಾಡಬೇಕು. ಉಪಾಯವೊಂದು ಆಗಲೇ ಹೊಳೆದಿತ್ತು.

ದೊರೆ ಬೂಟು ಬಿಚ್ಚಿ ಒಳಗೆ ಬಂದು, ಗೊನೆ ಇಳಿಸಿ ಕೈಮುಗಿದ. "ನನ್ನ ಹೆಸರು ಪ್ಯಾಟ್ರಿಕ್ ಹೂಲಿಹಾನ್. ಬೆಂಗಳೂರಿನಲ್ಲಿ ಉಪಾಧ್ಯಾಯನಾಗಿದ್ದೇನೆ." ಕನ್ನಡವೇನೋ ಹೌದು, ಪಠ್ಯಪುಸ್ತಕದಿಂದ ಹಾಗೇ ಕಿತ್ತು ತಂದಂತಿತ್ತು.

"ಇಂಗ್ಲಿಷರೇನ್ರೀ ನೀವು?"

"ಖಂಡಿತವಾಗಿಯೂ ಅಲ್ಲ! ಐರ್ಲೆಂಡಿನವನು!" ದೊರೆಯ ಮುಖ ಇನ್ನಷ್ಟು ಕೆಂಪಾಯಿತು. ಒಂದು ದೊಡ್ಡ ಭೂಪಟ ಬಿಡಿಸಿ ಬೆರಳಾಡಿಸಿದ. "ನಮ್ಮ ಮನೆತನ ಕ್ಲೇರ್ ಎಂಬ ಸೀಮೆಯಲ್ಲಿ ಹುಟ್ಟಿತು. ಗರ್ವಿಷ್ಠನ ವಂಶದವರು ಎಂದು ಆ ಹೆಸರಿನ ಅರ್ಥ. ಅಲ್ಲಿಂದ ಕೆರ್ರಿ, ಕಾರ್ಕ್. ಬರಗಾಲ ಬಿದ್ದಾಗ ಹಡಗು ಹತ್ತಿ ಬಾಸ್ಟನ್, ಸಿಡ್ನಿ. ನನ್ನ ಮುತ್ತಜ್ಜನ ಅಣ್ಣ ಕಂಪನಿಯ ದಂಡಿನೊಡನೆ ಈ ಕಡೆ ಬಂದವನು ಮರಳಲೇ ಇಲ್ಲ. ಅವನ ಸಂತತಿ ಇಲ್ಲೇ ಇರಬಹುದು. ತಮ್ಮ ಮನೆತನ ಯಾವುದು?"

ಮೊದಲು ತನ್ನ ಕಡೆಯ ಪುರಾಣ ಹೇಳಿ ಆಮೇಲೆ ಹುಡುಗಿಯ ಬೆಡಗು ಕೇಳುವುದು ಗಂಡಿನವರ ಕ್ರಮವೇ. ಗುರುಮಲ್ಲಪ್ಪನಿಗೆ ಉಳಿದಿದ್ದ ಚೂರುಪಾರು ಅನುಮಾನವೂ ಹೋಯಿತು.

"ನಮ್ದೂ ಅದೇ ಕಣ್ರೀ! ಹೂಲಿಹಾನ್!"

ದೊರೆ ಬಾಯಿ ತೆರೆದ. ಗೋಡೆಯ ಕಡೆ ತಿರುಗಿದ್ದ ಗಂಗಾಧರಪ್ಪನಿಗೆ ಕೆಮ್ಮು ಒತ್ತರಿಸಿ ಬಂತು. ಉಜ್ಜಪ್ಪ ಮಾತ್ರ ಮುಂದಕ್ಕೆ ಬಾಗಿದ.

"ಏನ್ ಭಾವ ಇದು? ಈ ಬೆಡಗು ನಾನು ಕೇಳೇ ಇಲ್ಲ!"

"ಭಾಳ ಹಳೇದು. ಅಪ್ಪ ಸಾಯೋ ಮುಂದ ಹೇಳಿದ್ದ." ಸುಳ್ಳಿಗೆ ಇನ್ನಷ್ಟು ತೂಕ ಬೇಕೆನಿಸಿ ಗುರುಮಲ್ಲಪ್ಪ ತಟ್ಟೆಗೆ ಕೈ ಹಾಕಿದ. "ವೀಳ್ಯದೆಲೆ ಮುಟ್ಟಿ ಹೇಳ್ತೀನಿ, ಮೂಲದಾಗ ನಾವು ಹೂಲಿಹಾನ್‌ನೋರೇ."

"ವೀಳ್ಯ ಮುಟ್ಟಿದ ಮ್ಯಾಲೆ ಮುಗೀತು," ಎಂದ ಉಜ್ಜಪ್ಪ. "ಇನ್ನು ಆ ಮಾತು ಹಿಂದಕ್ಕೆ ತಗಳಂಗಿಲ್ಲ."

"ಯಾಕೆ ತಗೋತೀನಿ? ಕೇಳಿದ್ರೇನ್ರೀ ದೊರೆಗಳೇ? ನಾನು ನಿಮಗೆ ದೊಡ್ಡಪ್ಪ. ನಮ್ಮ ಹುಡುಗಿ ನಿಮಗೆ ತಂಗಿ ಆಗ್ಬೇಕು. ತಂಗಿ! ತಿಳೀತಲ್ಲ?"

ದೊರೆಯ ಕಣ್ಣು ತುಂಬಿ ಬಂತು. "ದೊಡ್ಡಪ್ಪ!" ಎನ್ನುತ್ತ ಗುರುಮಲ್ಲಪ್ಪನನ್ನು ತಟ್ಟೆಯ ಸಮೇತ ತಬ್ಬಿಕೊಂಡ. "ನನ್ನ ಹೆಂಡತಿಗೆ ತಿಳಿದರೆ ಕುಣಿದಾಡುತ್ತಾಳೆ. ಮಕ್ಕಳೊಂದಿಗೆ ಶಿವಮೊಗ್ಗದಲ್ಲಿ ಇಳಿದುಕೊಂಡಿದ್ದಾಳೆ."

ಹೆಂಡತಿ! ಮಕ್ಕಳು! ಗುರುಮಲ್ಲಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಣ್ಣು ಕೇಳಲು ಬಂದವನೇ ಅಲ್ಲವಲ್ಲ ಈ ಪ್ರಾಣಿ! ಇರಲಿ ಬಿಡು, ಒಂದು ಸುಳ್ಳಿನಿಂದ ಯಾರ ಮನೆ ಗಂಟು ಹೋಯಿತು? ಮಗಳ ಮದುವೆ ಉಳಿಯಿತು, ಅಷ್ಟು ಸಾಕು. ಜೀವ ಹಗುರಾಗಿ, ಚೆಲ್ಲಿದ ಅಡಿಕೆಯನ್ನು ತಟ್ಟೆಗೆ ಹಾಕಿಕೊಂಡು ಗೋಡೆಯ ಕಡೆ ನಡೆದ.

"ಈ ಕಡೆ ತಿರುಗ್ರೀ ಬೀಗರೇ. ಇನ್ನು ಯಾವ ಅಡ್ಡಿಯೂ ಇಲ್ಲ. ಸಿಟ್ಟು ಬಿಡ್ರಿ." ಗಂಗಾಧರಪ್ಪ ವಲ್ಲಿಯನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡ. ಗುರುಮಲ್ಲಪ್ಪ ನಗುನಗುತ್ತ ಅದನ್ನು ತಾನೇ ಸರಿಸಿದ.

ಆ ಮುಖ ಕಂಡ ದೊರೆ ಹಿಗ್ಗಿನಿಂದ ಕೂಗಿದ: "ಓಹೋ, ಸೊರಬದ ದೊಡ್ಡಪ್ಪ! ಹೋದ ವಾರ ತಾವೂ ಹೂಲಿಹಾನ್ ಎಂದಿರಿ, ತಮ್ಮ ಮಗಳೂ ನನಗೆ ತಂಗಿ ಎಂದಿರಿ. ಶಿಕಾರಿಪುರದಲ್ಲಿ ನಮ್ಮ ಮನೆತನದವರು ಇನ್ನೂ ಇದ್ದಾರೆಂದು ಆಗಲೇ ಏಕೆ ಹೇಳಲಿಲ್ಲ?"