ಬರೆದ ಕಣ್ಣು

ಪುಷ್ಪಮ್ಮ ಚೀಲದಿಂದ ಫ್ರೇಮು ಹಾಕಿದ ಹಳೆಯ ಮದುವೆ ಫೋಟೊ ತೆಗೆದು ಸ್ಟುಡಿಯೊದ ಮೇಜಿನ ಮೇಲಿಟ್ಟು, ಪಕ್ಕದಲ್ಲಿದ್ದ ಗಂಡನತ್ತ ಕೈ ತೋರಿಸಿದರು. "ಹೆಣ್ಣು ನಾನೇ. ಗಂಡು ಇವರೇ. ಆದ್ರೆ ಈ ಕಣ್ಣು ಯಾರದು, ಷಣ್ಮುಖಪ್ಪೋರೇ?"

ಷಣ್ಮುಖಪ್ಪನವರು ಕನ್ನಡಕ ಏರಿಸಿ ನೋಡಿದರು. ತಮ್ಮದೇ ಕೈಕೆಲಸ. ಈ ವಿನೋಬನಗರಕ್ಕೆ ಬರುವ ಮೊದಲು, ನಲವತ್ತೊಂದು ವರ್ಷದ ಹಿಂದೆ, ಅವರ ಸ್ಟುಡಿಯೊ ಭದ್ರಾವತಿಯಲ್ಲಿತ್ತು. ತೆಗೆದ ಮೂರು ಫೋಟೊದಲ್ಲೂ ಮದುಮಗ ಕರಿಯಣ್ಣ ಕಣ್ಣು ಮುಚ್ಚಿದ್ದರು. ಆಗಿನ ರೂಢಿಯಂತೆ ಸಣ್ಣ ಕುಂಚ ಹಿಡಿದು, ಮುಚ್ಚಿದ ರೆಪ್ಪೆಯ ಮೇಲೆ ಎರಡು ಕಣ್ಣು ಬರೆದು ಕೊಟ್ಟಿದ್ದರು.

ಸೋಮವಾರ ನವುಲೆಯಲ್ಲಿ ಮಗಳು ಸಿರಿಯ ಮನೆಯ ಗೃಹಪ್ರವೇಶ. ನಡುಮನೆಗೆ ಅಪ್ಪ ಅಮ್ಮನ ಫೋಟೊ ಬೇಕೇ ಬೇಕೆಂದು ಅವಳ ಹಟ. ಕೂರಿಸಿ ತೆಗೆದ ಎಲ್ಲ ಫೋಟೊದಲ್ಲೂ ಕರಿಯಣ್ಣನಿಗೆ ನಿದ್ದೆಯೇ. ಕಣ್ಣು ಬಿಟ್ಟಂತಿರುವುದು ಇದೊಂದು, ಇದನ್ನು ನೋಡಿದವರೆಲ್ಲ 'ನಿಮ್ಮ ಮೈದುನಾನಾ?' ಎಂದು ಕೇಳುತ್ತಾರಂತೆ. ಗೊತ್ತಿಲ್ಲದ ಗಂಡಸನ್ನು ಮಗಳ ಮನೆಯ ಹೊಸಿಲು ದಾಟಿಸುವುದಿಲ್ಲ ಎಂದು ಪುಷ್ಪಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಷಣ್ಮುಖಪ್ಪನವರು ಗಂಡ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿದರು. ಫ್ಲ್ಯಾಶ್ ತೆಗೆದಿಟ್ಟು, ಪೂರ್ವದ ಕಿಟಕಿ ತೆರೆದು, ಎಳೆಬಿಸಿಲು ಮುಖಕ್ಕೆ ಬರುವಂತೆ ಮಾಡಿದರು. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು, "ರೆಡಿ" ಎಂದರು.

ಕರಿಯಣ್ಣನ ಕಣ್ಣು ಮುಚ್ಚಿತು. ಮತ್ತೆ "ರೆಡಿ". ಮತ್ತೆ ಮುಚ್ಚಿತು. ಮೂರನೆಯ ಸಲಕ್ಕೆ ಪುಷ್ಪಮ್ಮ ಮುಖ ಆಚೆ ತಿರುಗಿಸಿದರು.

"ಬಿಡಿ ಸ್ವಾಮಿ, ಇದು ಹೋಗೋ ಚಾಳಿ ಅಲ್ಲ" ಎಂದರು ಕರಿಯಣ್ಣ. "ಮದುವೆಗೂ ಮುಂಚಿಂದ ಕಬ್ಬಿಣದ ಕಾರ್ಖಾನೆ ಫರ್ನೇಸ್ ಮುಂದೆ ನಿಂತೋನು ನಾನು. ಮೇಸ್ತ್ರಿ 'ರೆಡಿ' ಅಂದ ಅಂದ್ರೆ ಅದರ ಬಾಯಿ ತೆಗೀತಾರೆ, ಕಿಡಿ ಹಾರತ್ತೆ ಅಂತ್ಲೇ. ರೆಪ್ಪೆ ತಾನಾಗೇ ಬಿದ್ದುಹೋಗತ್ತೆ."

ಷಣ್ಮುಖಪ್ಪನವರು ಕ್ಯಾಮೆರಾ ಕೆಳಗಿಳಿಸಿದರು. ಬಂದವರಿಗೆಲ್ಲ ಜೀವಮಾನವಿಡೀ 'ರೆಡಿ' ಎಂಬ ಅದೊಂದೇ ಮಾತು ಹೇಳಿಕೊಂಡು ಬಂದಿದ್ದರು. ಶಿವನೇ, ಈತನ ಕಣ್ಣು ಮುಚ್ಚಿಸಿದವನೂ ನಾನೇ, ಮುಚ್ಚಿದ್ದರ ಮೇಲೆ ಬರೆದವನೂ ನಾನೇ.

"ಮತ್ತೆ ಕಣ್ಣು ಬಿಡ್ತಿದ್ದದ್ದು ಯಾವಾಗ?"

"ಕಿಡಿ ಅಡಗಿ, ಕರಗಿದ ಕಬ್ಬಿಣ ಹರಿಯೋಕೆ ಶುರುವಾದಾಗ. ಮೇಸ್ತ್ರಿ ಕೈ ಮುಗಿದು 'ಬಂದ್ಲಪ್ಪಾ ತಾಯಿ' ಅನ್ನೋನು. ಆಗ ನೋಡಬೇಕಿತ್ತು ಸ್ವಾಮಿ ನೀವು..." ಕರಿಯಣ್ಣನ ದನಿ ಮೆತ್ತಗಾಯಿತು.

ಷಣ್ಮುಖಪ್ಪನವರು ಮತ್ತೆ ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡರು. "ರೆಡಿ" ಎಂದರು. ರೆಪ್ಪೆಗಳು ಬಿದ್ದವು. ಬೀಳಲಿ ಎಂದು ಬಿಟ್ಟರು. ಒಂದು ಉಸಿರಿನಷ್ಟು ಹೊತ್ತು ಕಾದು, ಮಂಗಳಾರತಿಯ ಹೊತ್ತಿನಲ್ಲಿ ಹೇಳುವಂತೆ ಮೆಲ್ಲಗೆ ಹೇಳಿದರು: "ಬಂದ್ಲಪ್ಪಾ ತಾಯಿ."

ಕರಿಯಣ್ಣ ಕಣ್ಣು ಬಿಟ್ಟರು. ಗರ್ಭಗುಡಿಯ ಪರದೆ ಸರಿದಾಗ ಎದುರು ನಿಂತವನ ಕಣ್ಣು ಹೇಗಿರುತ್ತದೋ ಹಾಗಿತ್ತು.

ಕ್ಯಾಮೆರಾದ ಪುಟ್ಟ ಪರದೆಯನ್ನು ಪುಷ್ಪಮ್ಮ ಎಷ್ಟೋ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಷಣ್ಮುಖಪ್ಪನವರು ಹಳೆಯ ಫೋಟೊವನ್ನು ಅವರ ಚೀಲಕ್ಕೆ ಹಾಕಲು ಹೋದರೆ, ಅದನ್ನು ಮೆತ್ತಗೆ ಮೇಜಿಗೇ ತಳ್ಳಿದರು.

"ಇವರನ್ನ ನೀವೇ ಇಟ್ಕೊಳ್ಳಿ. ನಮ್ಮ ಮನೆಯವರು ಸಿಕ್ಕಿದ್ರು."